ಎಸ್‌ಎಸ್‌ಡಿ ಇದೆ, ವಿಂಡೋಸ್‌ಗೆ ಕಾಣ್ತಿಲ್ಲ!

ವಿಂಡೋಸ್ 11 ಹಾಕೋಕೆ ಕೂತಿದ್ದೀರಿ.
ಡ್ರೈವ್ ಆರಿಸೋ ಪರದೆ ಬಂತು.
ಪಟ್ಟಿ ಪೂರ್ತಿ ಖಾಲಿ!
ಎಸ್‌ಎಸ್‌ಡಿ ಎಲ್ಲಿ ಹೋಯ್ತು?

ಮೊದಲು ಬಯಾಸ್ ತೆರೆದು ನೋಡಿ.
ಅಲ್ಲೂ ಹೆಸರಿಲ್ಲ ಅಂದ್ರೆ ಎಸ್‌ಎಸ್‌ಡಿ ಸಡಿಲ ಆಗಿರಬಹುದು, ಕೆಟ್ಟಿರಲೂಬಹುದು.

ಅಲ್ಲಿ ಹೆಸರಿದೆಯಾ? ಹಾಗಾದ್ರೆ ಗಾಬರಿ ಬೇಡ.

2020ರಲ್ಲಿ ಬಂದ ಇಂಟೆಲ್ 11ನೇ ಜನರೇಶನ್‌ನಿಂದ ಈಚೆಗೆ,
ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ವಿಎಂಡಿ ಅನ್ನೋ ವ್ಯವಸ್ಥೆ ಆನ್ ಆಗಿರುತ್ತೆ.
ಎಸ್‌ಎಸ್‌ಡಿ ಅದರ ಹಿಂದೆ ಇರುತ್ತೆ.
ಕಣಜದ ತುಂಬ ಭತ್ತ ಇದ್ದರೂ ಬೀಗದ ಕೈ ಇಲ್ಲದ ಹಾಗೆ!
ಆ ಬೀಗದ ಕೈಯೇ ಇಂಟೆಲ್ ಆರ್‌ಎಸ್‌ಟಿ ಡ್ರೈವರ್.

ಇನ್ನೊಂದು ಕಂಪ್ಯೂಟರ್‌ನಲ್ಲಿ,
ನಿಮ್ಮ ಲ್ಯಾಪ್‌ಟಾಪ್ ಕಂಪನಿಯ ಸಪೋರ್ಟ್ ಪುಟದಿಂದ ಅದನ್ನ ಇಳಿಸಿಕೊಳ್ಳಿ.

ಬಹಳ ಜನ ಎಡವೋದು ಇಲ್ಲೇ.
ಇಎಕ್ಸ್‌ಇ ಫೈಲನ್ನ ಹಾಗೇ ಪೆನ್‌ಡ್ರೈವ್‌ಗೆ ಹಾಕಿದ್ರೆ ಸೆಟಪ್‌ಗೆ ಅದು ಅರ್ಥ ಆಗಲ್ಲ.
ಮೊದಲು ಎಕ್ಸ್‌ಟ್ರ್ಯಾಕ್ಟ್ ಮಾಡಿ.
ಒಳಗೆ ಐಎನ್‌ಎಫ್ ಫೈಲ್ ಇರೋ ಫೋಲ್ಡರ್ ಸಿಗುತ್ತೆ.
ಅದನ್ನೇ ಪೆನ್‌ಡ್ರೈವ್‌ಗೆ ಹಾಕಿ.

ಈಗ ಅದೇ ಖಾಲಿ ಪರದೆಯಲ್ಲಿ ‘ಲೋಡ್ ಡ್ರೈವರ್’ ಒತ್ತಿ.
ಬ್ರೌಸ್ ಮಾಡಿ, ಫೋಲ್ಡರ್ ತೋರಿಸಿ.
ವಿಎಂಡಿ ಹೆಸರಿನ ಸಾಲು ಆರಿಸಿ, ನೆಕ್ಸ್ಟ್ ಕೊಡಿ.
ಎಸ್‌ಎಸ್‌ಡಿ ಪಟ್ಟಿಗೆ ಬರುತ್ತೆ!

ಬಯಾಸ್‌ನಲ್ಲಿ ವಿಎಂಡಿ ಆಫ್ ಮಾಡಿದರೂ ಆಗುತ್ತೆ ಅಂತಾರೆ.
ನಿಜ, ಹಲವು ಲ್ಯಾಪ್‌ಟಾಪ್‌ಗಳಲ್ಲಿ ಆಗುತ್ತೆ.
ಆದ್ರೆ ಒಳಗೆ ಹಳೇ ವಿಂಡೋಸ್ ಇದ್ರೆ ಅದು ಬೂಟ್ ಆಗದೇ ಹೋಗಬಹುದು.
ಬಿಟ್‌ಲಾಕರ್ ಇದ್ರೆ ರಿಕವರಿ ಕೀ ಕೇಳಬಹುದು.
ಹಾಗಾಗಿ ಡ್ರೈವರ್ ದಾರಿಯೇ ಮೇಲು.

ಡ್ರೈವ್ ಕಾಣಿಸಿದ ಕೂಡಲೇ ಡಿಲೀಟ್, ಫಾರ್ಮ್ಯಾಟ್ ಒತ್ತಬೇಡಿ.
ಫೋಟೋ, ದಾಖಲೆಗಳ ಬ್ಯಾಕಪ್ ಇದೆಯಾ ಅಂತ ದಯವಿಟ್ಟು ಮೊದಲು ನೋಡಿಕೊಳ್ಳಿ.