ಪದಾಂಗ್‌ನ ಎದುರು, ಸಾಲುಗಂಬಗಳ ಹಿಂದೆ

ಸಿಂಗಪುರದ ಪದಾಂಗ್ ಮೈದಾನಕ್ಕೆ ಮುಖ ಮಾಡಿ ಸಾಲುಗಂಬಗಳ ಭವ್ಯ ಕಟ್ಟಡವೊಂದಿದೆ. ಹೆಸರು ಸಿಟಿ ಹಾಲ್. ಪಕ್ಕದ ಹಳೆಯ ಸುಪ್ರೀಂ ಕೋರ್ಟ್ ಕಟ್ಟಡದೊಂದಿಗೆ ಸೇರಿ 2015ರಿಂದ ಅದು ನ್ಯಾಷನಲ್ ಗ್ಯಾಲರಿ. ಬರುವವರಲ್ಲಿ ಹೆಚ್ಚಿನವರು ಚಿತ್ರಕಲೆಗಾಗಿ ಬರುತ್ತಾರೆ. ಕನ್ನಡಿಗರು, ಅದರಲ್ಲೂ ಕೊಡಗಿನವರು, ಒಳಗಿನ ಹಳೆಯ ಸಭಾಂಗಣವನ್ನೂ ನೋಡದೆ ಮರಳಬಾರದು.

ಆಗ್ನೇಯ ಏಷ್ಯಾದ ಜಪಾನಿ ಪಡೆಗಳು 1945ರ ಸೆಪ್ಟೆಂಬರ್ 12ರಂದು ವಿಧ್ಯುಕ್ತವಾಗಿ ಶರಣಾದದ್ದು ಇಲ್ಲಿಯೇ. ಹತ್ತು ದಿನ ಮುಂಚೆ ಟೋಕಿಯೊ ಕೊಲ್ಲಿಯಲ್ಲಿ, ಮಿಸೌರಿ ಯುದ್ಧನೌಕೆಯ ಮೇಲೆ, ಜಪಾನ್ ದೇಶದ ಶರಣಾಗತಿ ಪತ್ರಕ್ಕೆ ಸಹಿ ಬಿದ್ದಿತ್ತು. ಸಿಂಗಪುರದಲ್ಲಿ ಮಿತ್ರಪಡೆಗಳ ಪರ ಶರಣಾಗತಿ ಸ್ವೀಕರಿಸಿದವರು ಮೌಂಟ್‌ಬ್ಯಾಟನ್. ಎದುರಾಳಿ ದಂಡನಾಯಕ ತೆರಾಉಚಿ ಪಾರ್ಶ್ವವಾಯುವಿಗೆ ತುತ್ತಾಗಿ ಸೈಗಾನ್‌ನಲ್ಲಿದ್ದರು; ಅವರ ಬದಲು ಸಹಿ ಹಾಕಿದ್ದು ಜನರಲ್ ಇಟಗಾಕಿ. ಚಾಂಗಿ ಸೆರೆಯಲ್ಲಿ ಮೂರೂವರೆ ವರ್ಷ ಬಚ್ಚಿಟ್ಟಿದ್ದ ಬ್ರಿಟಿಷ್ ಧ್ವಜವನ್ನು ಅಂದು ಮತ್ತೆ ಏರಿಸಲಾಯಿತು.

ಗೆದ್ದವರ ಸಾಲಿನಲ್ಲಿ ಭಾರತದ ಪ್ರತಿನಿಧಿಯಾಗಿದ್ದವರು ಬ್ರಿಗೇಡಿಯರ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ಹುಟ್ಟೂರು ಮಡಿಕೇರಿ. ಬರ್ಮಾದ ಅರಾಕಾನ್ ರಣರಂಗದಲ್ಲಿ ಬ್ರಿಗೇಡ್ ಒಂದನ್ನು ಮುನ್ನಡೆಸಿ, ಕಂಗಾವ್ ಕದನದಲ್ಲಿ ಜಪಾನಿಯರನ್ನು ಎದುರಿಸಿದ್ದ ಅವರಿಗೆ ಆ ಜಾಗ ಯಾರ ದಯೆಯಿಂದಲೂ ಸಿಕ್ಕಿದ್ದಲ್ಲ.

ಅವರ ಅಣ್ಣ ಪೊನ್ನಪ್ಪ ಮಾತ್ರ ಹಿಡಿದದ್ದು ಬೇರೆ ದಾರಿ. ಅವರು ಸೇರಿದ್ದು ಜಪಾನಿಯರ ಜೊತೆಗೂಡಿ ಬ್ರಿಟಿಷರ ವಿರುದ್ಧ ಹೋರಾಡಿದ ಆಜಾದ್ ಹಿಂದ್ ಫೌಜ್!

1942ರ ಫೆಬ್ರವರಿಯಲ್ಲಿ ಸಿಂಗಪುರ ಬಿದ್ದಾಗ ಹತ್ತಾರು ಸಾವಿರ ಭಾರತೀಯ ಸೈನಿಕರು ಸೆರೆಯಾದರು. ಫ್ಯಾರರ್ ಪಾರ್ಕ್‌ನಲ್ಲಿ ಅವರನ್ನೆಲ್ಲ ಒಟ್ಟುಗೂಡಿಸಿ ಬ್ರಿಟಿಷರು ಜಪಾನಿಯರ ಕೈಗೊಪ್ಪಿಸಿದರು. ಹಲವರು ಫೌಜ್ ಸೇರಿದರು. ಒಪ್ಪದವರಲ್ಲಿ ಎಷ್ಟೋ ಮಂದಿ ಕೂಲಿಯಾಳುಗಳಾಗಿ ದೂರದ ದ್ವೀಪಗಳಿಗೆ ಹೋಗಬೇಕಾಯಿತು. 1943ರ ಜುಲೈನಲ್ಲಿ ಸುಭಾಷಚಂದ್ರ ಬೋಸ್ ಫೌಜನ್ನು ಉದ್ದೇಶಿಸಿ ‘ದಿಲ್ಲಿ ಚಲೋ’ ಎಂದು ಕರೆ ಕೊಟ್ಟದ್ದು ಇದೇ ಕಟ್ಟಡದ ಮುಂದೆ. ಎರಡು ವರ್ಷ ಕಳೆದ ಮೇಲೆ, ಅದೇ ಕಟ್ಟಡದೊಳಗೆ ತಮ್ಮ ತಿಮ್ಮಯ್ಯ. ಒಂದೇ ಮನೆಯ ಇಬ್ಬರಲ್ಲಿ ಒಬ್ಬರನ್ನು ದೇಶಭಕ್ತ, ಇನ್ನೊಬ್ಬರನ್ನು ಪರರ ಸೇವಕ ಎಂದು ಬೇರ್ಪಡಿಸುವುದು ನ್ಯಾಯವಲ್ಲ. ಈ ತಿಮ್ಮಯ್ಯನವರೇ 1957ರಲ್ಲಿ ಸ್ವತಂತ್ರ ಭಾರತದ ಸೇನಾ ಮುಖ್ಯಸ್ಥರಾದರು.

ಕಟ್ಟಡದ ಬದುಕು ಅಲ್ಲಿಗೇ ನಿಲ್ಲಲಿಲ್ಲ. 1959ರಲ್ಲಿ ಲೀ ಕ್ವಾನ್ ಯೂ ಪ್ರಧಾನಿಯಾಗಿ ಪ್ರಮಾಣವಚನ ಸ್ವೀಕರಿಸಿದ್ದೂ ಇಲ್ಲಿಯೇ.

ಪದಾಂಗ್ ದಾಟಿ ಎಸ್ಪ್ಲನೇಡ್ ಉದ್ಯಾನದ ಕಡೆಗೂ ಹೋಗಬೇಕು. ಮಡಿದ ಯೋಧರ ನೆನಪಿಗಾಗಿ ಫೌಜ್ 1945ರಲ್ಲಿ ಅಲ್ಲಿ ಕಟ್ಟಿಸಿದ್ದ ಸ್ಮಾರಕವನ್ನು ಮರಳಿ ಬಂದ ಬ್ರಿಟಿಷರು ಕೆಡವಿಹಾಕಿದರು. ಆ ಜಾಗವನ್ನು ಗುರುತಿಸುವ ಫಲಕ ಬಂದದ್ದು 1995ರಲ್ಲಿ.