ಪದವಿನ ಮೇಲೆ ಇಲ್ಲದ ಪೇಟೆ

ಲ್ಯಾಂಡ್‌ಸ್ಯಾಟ್ ಉಪಗ್ರಹದ ಕಣ್ಣಿಗೆ ನೆಲವೆಂದರೆ 30 ಮೀಟರ್ ಉದ್ದ, 30 ಮೀಟರ್ ಅಗಲದ ಚೌಕಗಳ ಹಾಸು. ಒಂದು ಚೌಕಕ್ಕೆ 900 ಚದರ ಮೀಟರ್, ಉಡುಪಿಯ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 22 ಸೆಂಟ್ಸ್ ಜಾಗ. ಐದು ಸೆಂಟ್ಸ್‌ನಲ್ಲಿ ಕಟ್ಟಿದ ಮನೆ, ಅದರ ಬಾವಿ, ನಾಲ್ಕು ತೆಂಗಿನ ಮರ, ಪಕ್ಕದ ಮನೆಯ ಅಂಗಳ, ನಡುವಿನ ಓಣಿ ಎಲ್ಲವೂ ಒಂದೇ ಚೌಕದಲ್ಲಿ ಕಲಸಿಹೋಗಿ ಒಂದೇ ಬಣ್ಣವಾಗುತ್ತವೆ. ಕಾರ್ಕಳದ ಬಂಡೆಯ ಮೇಲೆ 1432ರಿಂದ ನಿಂತಿರುವ 42 ಅಡಿಯ ಗೊಮ್ಮಟನೂ ಅಂಥ ಒಂದು ಚೌಕದೊಳಗೆ ಗುರುತಿಲ್ಲದೆ ಸೇರಿಕೊಳ್ಳುತ್ತಾನೆ. ಯುರೋಪಿನ ಸೆಂಟಿನೆಲ್-2ರ ಚೌಕ 10 ಮೀಟರಿನದು, ಅಂದರೆ ಎರಡೂವರೆ ಸೆಂಟ್ಸ್. ಭಾರತದ ರಿಸೋರ್ಸ್‌ಸ್ಯಾಟ್‌ನಲ್ಲಿರುವ ಲಿಸ್-4 ಕ್ಯಾಮೆರಾದ ಚೌಕ 5.8 ಮೀಟರಿನದು, ಒಂದು ಸೆಂಟ್ಸ್‌ಗೂ ಕಡಿಮೆ. ಊರು ಎಷ್ಟು ಬೆಳೆಯಿತು, ಗದ್ದೆ ಎಷ್ಟು ಹೋಯಿತು, ಕಾಡು ಎಷ್ಟು ಉಳಿಯಿತು ಎಂಬ ಲೆಕ್ಕವೆಲ್ಲ ಕೊನೆಗೆ ಈ ಚೌಕಗಳಿಗೆ ಒಂದೊಂದಾಗಿ ಹೆಸರಿಡುವ ಕೆಲಸವೇ. ಕಟ್ಟಡ, ಮರ, ಗದ್ದೆ, ನೀರು, ಬರಿನೆಲ ಎಂದು ಹೆಸರಿಟ್ಟು, ಹತ್ತಿಪ್ಪತ್ತು ವರ್ಷ ಬಿಟ್ಟು ಮತ್ತೆ ಹೆಸರಿಟ್ಟು, ಎರಡನ್ನೂ ಹೋಲಿಸಲಾಗುತ್ತದೆ.

ಮೊದಲ ಲ್ಯಾಂಡ್‌ಸ್ಯಾಟ್ ಹಾರಿದ್ದು 1972ರ ಜುಲೈ 23ರಂದು. ಭಾರತದ್ದೇ ಆದ ದೂರಸಂವೇದಿ ಉಪಗ್ರಹ ಐಆರ್‌ಎಸ್-1ಎ, 1988ರ ಮಾರ್ಚ್ 17ರಂದು ಬೈಕನೂರಿನಿಂದ ಸೋವಿಯತ್ ರಾಕೆಟ್ ಏರಿತು. ಆಗ ಇಸ್ರೋದ ಅಧ್ಯಕ್ಷರಾಗಿದ್ದವರು ಯು.ಆರ್. ರಾವ್. ಈಗ ಕಾಪು ತಾಲ್ಲೂಕಿಗೆ ಸೇರುವ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದವರು. ಅವರ ಹುಟ್ಟೂರಿನ ಬೈಲು ಗದ್ದೆಗಳ ಬದಲಾವಣೆಯನ್ನು ಇಂದು ಯಾವುದೇ ವಿದ್ಯಾರ್ಥಿ ಮಣಿಪಾಲದ ಹಾಸ್ಟೆಲಿನಲ್ಲಿ ಕುಳಿತು ನೋಡಬಹುದು, ಅದೂ ಪುಕ್ಕಟೆಯಾಗಿ. 2008ರಿಂದ ಲ್ಯಾಂಡ್‌ಸ್ಯಾಟ್ ಭಂಡಾರ ಎಲ್ಲರಿಗೂ ಮುಕ್ತ. ಭಾರತೀಯ ಚಿತ್ರಗಳಿಗೆ 2009ರಿಂದ ‘ಭುವನ್’ ಇದೆ.

ಈ ಅರ್ಧ ಶತಮಾನದ ಚಿತ್ರಗಳಲ್ಲಿ ದೊಡ್ಡ ಬದಲಾವಣೆಗಳನ್ನು ಹುಡುಕುವುದು ಕಷ್ಟವಲ್ಲ. 1998ರಲ್ಲಿ ಪೂರ್ಣವಾಗಿ ತೆರೆದ ಕೊಂಕಣ ರೈಲು ಹಳಿಯ ಗೆರೆ, ಅಗಲವಾದ ರಾಷ್ಟ್ರೀಯ ಹೆದ್ದಾರಿ 66, ಎಲ್ಲೂರಿನ 1200 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರ ಎಲ್ಲವೂ ಬರಿಗಣ್ಣಿಗೇ ಸಿಗುತ್ತವೆ. ತೊಡಕು ಹುಟ್ಟುವುದು ಉಳಿದ ಲಕ್ಷಾಂತರ ಚೌಕಗಳಿಗೆ ಕಂಪ್ಯೂಟರ್ ತಾನೇ ಹೆಸರಿಡಲು ಹೊರಟಾಗ. ಕರಾವಳಿಯ ನೆಲ ಅದನ್ನು ಚೆನ್ನಾಗಿ ಆಟವಾಡಿಸುತ್ತದೆ.

ಹೆಸರಿಡುವ ತತ್ವ ಸರಳ. ಹಸಿರೆಲೆ ಕೆಂಪು ಬೆಳಕನ್ನು ನುಂಗಿ, ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ಧಾರಾಳವಾಗಿ ಹಿಂದಕ್ಕೆ ಕಳಿಸುತ್ತದೆ. ನೀರು ಅವಕೆಂಪನ್ನು ಪೂರಾ ನುಂಗುತ್ತದೆ. ಒಣಗಿದ ಕಟ್ಟಡ ಸಾಮಗ್ರಿಗಳು ಇನ್ನೂ ಉದ್ದ ಅಲೆಯ ಅವಕೆಂಪಿನಲ್ಲಿ ಹೆಚ್ಚು ಹೊಳೆಯುತ್ತವೆ. ಈ ಕೊನೆಯ ಗುಣವನ್ನು ಹಿಡಿದು ‘ಕಟ್ಟಡ ಸೂಚ್ಯಂಕ’ ಎಂಬ ಸೂತ್ರವನ್ನು 2003ರಲ್ಲಿ ಪ್ರಕಟಿಸಿದರು. ಚೀನಾದ ನಾನ್‌ಜಿಂಗ್ ನಗರದ ನಕ್ಷೆಗಾಗಿ ಹುಟ್ಟಿದ ಆ ಸೂತ್ರ ಇಂದು ಜಗತ್ತಿನ ಎಲ್ಲ ಊರುಗಳ ಮೇಲೂ ಓಡುತ್ತಿದೆ. ಅದನ್ನು ಫೆಬ್ರವರಿಯ ಮಣಿಪಾಲದ ಮೇಲೆ ಓಡಿಸಿದರೆ ಯಾರೂ ಕಟ್ಟದ ಪೇಟೆಯೊಂದು ನಕ್ಷೆಯಲ್ಲಿ ಎದ್ದು ನಿಲ್ಲುತ್ತದೆ.

ಕಾರಣ ಮುರಕಲ್ಲು. ಮಣಿಪಾಲವೂ ಅದರ ಸುತ್ತಲಿನ ಪದವುಗಳೂ, ಅಂದರೆ ಎತ್ತರದ ಚಪ್ಪಟೆ ಬಯಲುಗಳೂ, ಈ ಕೆಂಪು ಕಲ್ಲಿನವು. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನಷ್ಟು ಸುರಿಯುವ ಮಳೆ ಶಿಲೆಯೊಳಗಿನ ಕರಗುವ ಅಂಶಗಳನ್ನೆಲ್ಲ ತೊಳೆದು, ಕರಗದ ಕಬ್ಬಿಣ ಮತ್ತು ಅಲ್ಯುಮಿನಿಯಂ ಆಕ್ಸೈಡನ್ನು ಮಾತ್ರ ಉಳಿಸಿದ್ದರಿಂದ ಆದ ಕಲ್ಲು ಇದು. ಬೇಸಿಗೆಯಲ್ಲಿ ಅದರ ಬೆನ್ನಿನ ಮೇಲೆ ಹುಲ್ಲುಕಡ್ಡಿಯೂ ಹಸಿರಾಗಿರುವುದಿಲ್ಲ. ಕಾದು ಒಣಗಿದ ಆ ಕೆಂಪು ಬಯಲು ಉದ್ದ ಅಲೆಯ ಅವಕೆಂಪಿನಲ್ಲಿ ಥೇಟ್ ಕಟ್ಟಡದ ಹಾಗೆ ಹೊಳೆಯುತ್ತದೆ. ಗೊಂದಲವನ್ನು ಇನ್ನಷ್ಟು ಹೆಚ್ಚಿಸುವುದು ಹಂಚಿನ ಮಾಡು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಆರಂಭಿಸಿದ ಹಂಚಿನ ಕಾರ್ಖಾನೆಯಿಂದ ಮೊದಲಾಗಿ ಕರಾವಳಿಯ ಮನೆಗಳೆಲ್ಲ ಹೊದ್ದುಕೊಂಡ ಹಂಚಿನ ಕೆಂಪು, ಮುರಕಲ್ಲಿನ ಕೆಂಪು ಎರಡಕ್ಕೂ ಕಬ್ಬಿಣದ ಆಕ್ಸೈಡೇ ಮೂಲ. ಇನ್ನು ಗೋಡೆಗಳಂತೂ ಅದೇ ಪದವಿನಿಂದ ಕಡಿದು ತಂದ ಕಲ್ಲು. ಊರು ಮತ್ತು ಬೆಟ್ಟ ಒಂದೇ ದ್ರವ್ಯದಿಂದ ಆಗಿರುವಲ್ಲಿ ಬಣ್ಣ ನೋಡಿ ಬೇರೆ ಮಾಡು ಎಂದರೆ ಯಂತ್ರವಾದರೂ ಏನು ಮಾಡೀತು?

ಇದಕ್ಕೆ ಮದ್ದು ಮಳೆಗಾಲದಲ್ಲಿದೆ. ಜೂನ್ ಕಳೆಯುವುದರೊಳಗೆ ಅದೇ ಪದವು ಹುಲ್ಲುಗಾವಲಾಗುತ್ತದೆ. ಕಲ್ಲಿನ ತಗ್ಗುಗಳಲ್ಲಿ ನೀರು ನಿಂತು, ಕೀಟ ಹಿಡಿದು ತಿನ್ನುವ ಯುಟ್ರಿಕ್ಯುಲೇರಿಯಾ, ಡ್ರೋಸೆರಾದಂಥ ಪುಟ್ಟ ಗಿಡಗಳು ಹೂ ಬಿಡುತ್ತವೆ. ಕಟ್ಟಡ ಯಾವ ತಿಂಗಳಲ್ಲೂ ಹಸಿರಾಗುವುದಿಲ್ಲ, ಪದವು ಆಗುತ್ತದೆ. ಎರಡು ಋತುವಿನ ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಇಲ್ಲದ ಪೇಟೆ ಮಾಯವಾಗಬೇಕು. ಆದರೆ ಆ ನಾಲ್ಕು ತಿಂಗಳು ಉಡುಪಿಯ ಮೇಲೆ ಮೋಡದ ಮುಚ್ಚಿಗೆ. ಸಿಕ್ಕುವ ನಿರ್ಮಲ ಚಿತ್ರಗಳೆಲ್ಲ ಡಿಸೆಂಬರಿನಿಂದ ಮಾರ್ಚಿನವರೆಗಿನವು, ಪದವು ಪೇಟೆಯ ವೇಷ ಹಾಕುವ ತಿಂಗಳುಗಳವು. ಹೀಗಾಗಿ ಒಂದೇ ಋತುವಿನ ಚಿತ್ರ ನಂಬಿ ಮಾಡಿದ ನಕ್ಷೆಗಳಲ್ಲಿ ಈ ತಪ್ಪು ಸುಲಭವಾಗಿ ನುಸುಳುತ್ತದೆ. ತಪ್ಪಿಸಿಕೊಂಡ ನಕ್ಷೆಗಳಲ್ಲೂ ಪದವಿಗೆ ಸಿಗುವುದು ‘ಬಂಜರು’ ಎಂಬ ಪಟ್ಟ. ಮಳೆನೀರನ್ನು ಇಂಗಿಸಿ ಕೆಳಗಿನ ಬಾವಿಗಳಿಗೆ ಇಳಿಸುವ ನೆಲವನ್ನು ಬಂಜರು ಎನ್ನುವುದು ಅನ್ಯಾಯ.

ಇಂಥದೇ ಮೋಸ ಕಾಪುವಿನಲ್ಲೂ ಕಾರ್ಕಳದಲ್ಲೂ ಬೇರೆ ಬಣ್ಣದಲ್ಲಿ ನಡೆಯುತ್ತದೆ. 1901ರ ದೀಪಸ್ತಂಭದ ಬುಡದಿಂದ ಉದ್ದಕ್ಕೆ ಚಾಚಿದ ಕಾಪುವಿನ ಒಣ ಮರಳು ಹೊಸ ಕಾಂಕ್ರೀಟ್ ತಾರಸಿಯಷ್ಟೇ ಬೆಳ್ಳಗೆ ಕಾಣುತ್ತದೆ. ಅಲ್ಲಿ ಇನ್ನೊಂದು ಎಚ್ಚರವೂ ಬೇಕು. ಉಪಗ್ರಹ ಹಾದುಹೋಗುವುದು ಬೆಳಗಿನ ಹತ್ತೂವರೆಯ ಆಸುಪಾಸು. ಆ ಹೊತ್ತಿನಲ್ಲಿ ಒಂದು ದಿನ ಭರತ, ಇನ್ನೊಂದು ದಿನ ಇಳಿತ. ನೀರಿನ ಅಂಚು ಸರಿದದ್ದನ್ನೆಲ್ಲ ಕಡಲ್ಕೊರೆತವೆಂದು ಬರೆದುಬಿಟ್ಟರೆ ಚಂದ್ರನ ಕೆಲಸವನ್ನು ಅಲೆಗಳ ತಲೆಗೆ ಕಟ್ಟಿದಂತೆ. ಕಾರ್ಕಳದ ಬೋಳು ಪಾದೆಗಲ್ಲು ಹಳೆಯ ಸಿಮೆಂಟಿನ ಬಣ್ಣದ್ದು. ಅಲ್ಲಿನ ರಬ್ಬರ್ ತೋಟ ಕಾಡಿನ ಬಣ್ಣದ್ದು. ರಬ್ಬರನ್ನು ಹಿಡಿಯಲು ಒಂದು ಸುಲಭ ಉಪಾಯವಿದೆ: ಡಿಸೆಂಬರ್ ಕೊನೆಯಿಂದ ಜನವರಿಯ ಹೊತ್ತಿಗೆ ರಬ್ಬರ್ ಮರಗಳು ಒಟ್ಟಾಗಿ ಎಲೆ ಉದುರಿಸುತ್ತವೆ. ಪಕ್ಕದ ನಿತ್ಯಹಸಿರು ಕಾಡು ಹಾಗೆ ಮಾಡುವುದಿಲ್ಲ.

ಈ ಭಾಗದಲ್ಲಿ ಎದುರು ದಿಕ್ಕಿನ ತಪ್ಪೂ ಇದೆ. ತುಳುನಾಡಿನಲ್ಲಿ ಬಯಲುಸೀಮೆಯಂತೆ ಗುಂಪು ಕಟ್ಟಿದ ಊರುಗಳಿಲ್ಲ. ಅವರವರ ತೋಟದ ನಡುವೆ ಅವರವರ ಮನೆ. ಮೇಲಿನಿಂದ ನೋಡಿದರೆ ತೆಂಗು, ಮಾವು, ಹಲಸಿನ ತಲೆಗಳಷ್ಟೇ ಕಾಣುತ್ತವೆ. ಸಾವಿರಾರು ಮನೆಗಳಿರುವ ಪ್ರದೇಶ ಮರಗಳ ಬಣ್ಣದಲ್ಲಿ ಅಡಗಿಕೊಳ್ಳುತ್ತದೆ. ಜನರಿಲ್ಲದ ಕಲ್ಲುಬಯಲು ನಗರ, ಜನ ತುಂಬಿದ ಊರು ಕಾಡು: ಉಪಗ್ರಹ ನಕ್ಷೆಯ ಈ ಜೋಡಿ ತಪ್ಪು ಉಡುಪಿಯಲ್ಲಿ ಕಾಣಿಸುವಷ್ಟು ಚೆಂದವಾಗಿ ಬೇರೆಡೆ ಕಾಣಿಸುವುದು ಅಪರೂಪ.

ಹಸಿರು ಕಂಡದ್ದೆಲ್ಲ ಕಾಡು ಎಂಬ ಭ್ರಮೆಗೆ ಸರ್ಕಾರಿ ವ್ಯಾಖ್ಯಾನವೂ ನೀರೆರೆದಿದೆ. ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ ಒಂದು ಹೆಕ್ಟೇರಿಗಿಂತ ದೊಡ್ಡದಾದ, ಶೇ. 10ಕ್ಕಿಂತ ಹೆಚ್ಚು ಮರದ ನೆರಳಿರುವ ನೆಲವನ್ನೆಲ್ಲ ‘ಅರಣ್ಯ ಹೊದಿಕೆ’ಯೆಂದು ಎಣಿಸುತ್ತದೆ. ಮರ ಯಾವುದು, ನೆಲ ಯಾರದು ಎಂಬ ಪ್ರಶ್ನೆ ಅಲ್ಲಿಲ್ಲ. ತೆಂಗಿನ ತೋಟ, ರಬ್ಬರ್, ಪದವಿನ ಮೇಲೆ ನೆಟ್ಟ ಅಕೇಶಿಯಾ ಎಲ್ಲವೂ ಈ ಲೆಕ್ಕದಲ್ಲಿ ಬರಬಹುದು. ವರದಿ ಬಂದಾಗ ‘ಕಾಡು ಹೆಚ್ಚಿತು’ ಎಂದು ಸಂಭ್ರಮಿಸುವವರು ಈ ಸಾಲನ್ನು ಒಮ್ಮೆ ಓದಿಕೊಂಡರೆ ಒಳ್ಳೆಯದು.

ಇದಕ್ಕಿಂತ ಹಠಮಾರಿಯಾದ ಇನ್ನೊಂದು ಭ್ರಮೆ ಪ್ರತಿ ದೀಪಾವಳಿಗೂ ವಾಟ್ಸಾಪಿನಲ್ಲಿ ಮರುಹುಟ್ಟು ಪಡೆಯುತ್ತದೆ. ಭಾರತದ ಭೂಪಟದ ತುಂಬ ಬಿಳಿ, ನೀಲಿ, ಹಸಿರು, ಕೆಂಪು ದೀಪಗಳು, ಕೆಳಗೆ ‘ನಾಸಾ ತೆಗೆದ ದೀಪಾವಳಿಯ ರಾತ್ರಿ’ ಎಂಬ ಬರಹ. ಅದು ದೀಪಾವಳಿಯ ಚಿತ್ರವೂ ಅಲ್ಲ, ಒಂದು ರಾತ್ರಿಯದೂ ಅಲ್ಲ. ಅಮೆರಿಕದ ಹವಾಮಾನ ಸಂಸ್ಥೆ ನೋವಾದ ವಿಜ್ಞಾನಿ ಕ್ರಿಸ್ ಎಲ್ವಿಜ್ 2003ರಲ್ಲಿ ಮಾಡಿದ ನಕ್ಷೆ ಅದು. 1992ಕ್ಕೂ ಮೊದಲೇ ಇದ್ದ ಬೆಳಕಿಗೆ ಬಿಳಿ, 1992ರ ಹೊತ್ತಿಗೆ ಕಂಡದ್ದಕ್ಕೆ ನೀಲಿ, 1998ರದಕ್ಕೆ ಹಸಿರು, 2003ರದಕ್ಕೆ ಕೆಂಪು ಎಂದು ಬಣ್ಣ ಹಚ್ಚಲಾಗಿದೆ. ಅಂದರೆ ಹಬ್ಬದ ಚಿತ್ರವೆಂದು ಜನ ಹಂಚಿಕೊಳ್ಳುತ್ತಿರುವುದು ಭಾರತದ ಊರುಗಳು ಬೆಳೆದ ಬಗೆಯ ನಕ್ಷೆಯನ್ನು. 2012ರಲ್ಲಿ ನಾಸಾ ನಿಜವಾದ ದೀಪಾವಳಿ ರಾತ್ರಿಯ ಚಿತ್ರವನ್ನೇ ಪ್ರಕಟಿಸಿತು. ಅದರಲ್ಲಿ ಬಣ್ಣಗಳಿಲ್ಲ, ಹಣತೆಗಳ ಹೆಚ್ಚುವರಿ ಬೆಳಕೂ ಗೊತ್ತಾಗುವಷ್ಟಿಲ್ಲ. ಆದರೂ ಹಳೆಯ ಸುಳ್ಳೇ ಪ್ರತಿ ವರ್ಷ ಗೆಲ್ಲುತ್ತಿದೆ. ಅಸಲಿ ಕಥೆ ಸುಳ್ಳಿಗಿಂತ ಸ್ವಾರಸ್ಯವಾಗಿರುವಾಗಲೂ ಹೀಗಾಗುವುದು ವಿಚಿತ್ರ.

ಮೋಡ ಮತ್ತು ಮರ, ಈ ಎರಡು ಪರದೆಗಳನ್ನು ದಾಟಲು ರೇಡಾರ್ ಉಪಗ್ರಹಗಳಿವೆ. 2014ರಲ್ಲಿ ಹಾರಿದ ಸೆಂಟಿನೆಲ್-1ರ ಸುಮಾರು 5.6 ಸೆಂಟಿಮೀಟರಿನ ಅಲೆ ಮೋಡವನ್ನು ಲೆಕ್ಕಿಸದೆ ಕೆಳಗಿಳಿಯುತ್ತದೆ. ನಿಂತ ನೀರು ಆ ಅಲೆಯನ್ನು ಕನ್ನಡಿಯಂತೆ ಅತ್ತ ತಳ್ಳುವುದರಿಂದ ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ. 2020ರ ಸೆಪ್ಟೆಂಬರ್ 20ರಂದು ಉಡುಪಿ ಮುಳುಗಿದಂಥ ದಿನಗಳಲ್ಲಿ ನೆರೆಯ ಎಲ್ಲೆ ಗುರುತಿಸಲು ಈ ಗುಣವೇ ಆಧಾರ. ಆದರೆ ಈ ಅಲೆ ಮರದ ತಲೆಗೆ ಬಡಿದು ಹಿಂದಿರುಗುತ್ತದೆ. ಇಸ್ರೋ ಮತ್ತು ನಾಸಾ ಜೊತೆಗೂಡಿ 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿಸಿದ ನಿಸಾರ್‌ನಲ್ಲಿ ಸುಮಾರು 24 ಸೆಂಟಿಮೀಟರಿನ ಅಲೆಯೂ ಇದೆ. ಅದು ಎಲೆಗಳ ನಡುವೆ ತೂರಿ ಕಾಂಡ, ಗೋಡೆ, ನೆಲದವರೆಗೆ ತಲುಪಬಲ್ಲದು. ನೆಲಕ್ಕೂ ಗೋಡೆಗೂ ತಾಗಿ ಪುಟಿದು ಬರುವ ಅಲೆ ಬಲವಾಗಿರುತ್ತದೆ. ತೋಟದೊಳಗಿನ ಮನೆಗಳನ್ನು ಎಣಿಸಲು ಕರಾವಳಿಯವರು ನಿರೀಕ್ಷೆ ಇಡಬಹುದಾದ ಸಾಧನ ಇದು.

ಇನ್ನೊಂದು ದಾರಿ ಸ್ಥಳೀಯ ಜ್ಞಾನದ್ದು. ನಕ್ಷೆಗಳು ‘ಕೃಷಿಭೂಮಿ’ ಎಂಬ ಒಂದೇ ಹೆಸರಿನಡಿ ಹಾಕುವ ನೆಲವನ್ನು ಇಲ್ಲಿನ ರೈತರು ಬೈಲು, ಮಜಲು, ಬೆಟ್ಟು ಎಂದು ಮೂರಾಗಿ ಬೇರ್ಪಡಿಸಿದ್ದರು. ತಗ್ಗಿನ ಬೈಲಿನಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆಯವರೆಗೂ ಸಾಧ್ಯ. ಮಜಲಿನಲ್ಲಿ ಎರಡು, ಮೇಲಿನ ಬೆಟ್ಟಿನಲ್ಲಿ ಮಳೆಯ ಒಂದೇ. ಐದು ದಿನಕ್ಕೊಮ್ಮೆ ಬರುವ ಸೆಂಟಿನೆಲ್-2 ಜೋಡಿಯ ಹಸಿರು ಸೂಚ್ಯಂಕವನ್ನು ಮಳೆ ಬಿಟ್ಟ ಮೇಲೆ ಗೆರೆಯಾಗಿ ಎಳೆದರೆ ಈ ವ್ಯತ್ಯಾಸ ಏರಿಳಿತಗಳಲ್ಲಿ ಬರುತ್ತದೆ. ಆಗ ಇನ್ನೊಂದು ಸಂಗತಿಯೂ ಬಯಲಾಗುತ್ತದೆ. ಬೈಲಿನ ಚೌಕವೊಂದು ಹಸಿರಾಗುವುದನ್ನು ನಿಲ್ಲಿಸಿ ಒಮ್ಮೆಗೇ ಕೆಂಪಾದರೆ ಅದು ಬಹುಮಟ್ಟಿಗೆ ಸೈಟಿಗಾಗಿ ಗದ್ದೆಗೆ ಮಣ್ಣು ತುಂಬಿಸಿದ್ದರ ಗುರುತು. ಹತ್ತಿರದ ಗುಡ್ಡದಲ್ಲೆಲ್ಲೋ ಅದಕ್ಕೆ ತಕ್ಕ ಹೊಸ ಗಾಯ ಸಿಗುತ್ತದೆ.

ಕೊನೆಗೆ ಶೇಕಡಾವಾರು ಲೆಕ್ಕದ ಮಾತು. ನಕ್ಷೆ ‘ಶೇ. 90 ನಿಖರ’ ಎಂದರೆ ಓದುಗರು ಸಮಾಧಾನಪಡುತ್ತಾರೆ. ಆದರೆ ಬದಲಾವಣೆ ಅಳೆಯಲು ಎರಡು ನಕ್ಷೆ ಬೇಕು. ಎರಡರ ತಪ್ಪುಗಳೂ ಸ್ವತಂತ್ರವಾಗಿದ್ದರೆ 0.9ನ್ನು 0.9ರಿಂದ ಗುಣಿಸಬೇಕು. ಎರಡರಲ್ಲೂ ಸರಿಯಾಗಿ ಹೆಸರಿಟ್ಟ ಚೌಕಗಳು ಶೇ. 81 ಮಾತ್ರ. ಉಳಿದ 19ರಲ್ಲಿ ಬಹುಪಾಲು ನಡೆಯದ ಬದಲಾವಣೆಗಳಾಗಿ ಮೂಡಬಹುದು. ನಿಜವಾದ ಬದಲಾವಣೆಯೇ ಶೇ. 5 ಇರುವ ತಾಲ್ಲೂಕಿನಲ್ಲಿ ಇದು ಸಣ್ಣ ದೋಷವಲ್ಲ. ಆದ್ದರಿಂದ ಉಡುಪಿ ಜಿಲ್ಲೆಯ ಯಾವ ನಕ್ಷೆ ಕೈಗೆ ಬಂದರೂ ಮೊದಲು ಕೇಳಬೇಕಾದ ಪ್ರಶ್ನೆಗಳು ಎರಡು: ಹೋಲಿಸಿದ ಎರಡು ವರ್ಷಗಳ ಚಿತ್ರಗಳು ಒಂದೇ ತಿಂಗಳಿನವೇ? ಪದವಿಗೆ ಪಟ್ಟಿಯಲ್ಲಿ ಪ್ರತ್ಯೇಕ ಹೆಸರು ಕೊಟ್ಟಿದ್ದಾರೆಯೇ? ಎರಡಕ್ಕೂ ಹೌದು ಎಂಬ ಉತ್ತರ ಬರುವವರೆಗೆ ಆ ನಕ್ಷೆಯ ಅಂಕಿಗಳನ್ನು ನಂಬಿ ನಗರ ಯೋಜನೆ ಮಾಡಬಾರದು.