ಗಣಕಯಂತ್ರದ ಗುತ್ತಿಗೆ: ನಂಬಿಕೆಯೂ ಕರಾರೂ

ನಮ್ಮ ಗಡಿನಾಡಿನ ಜೀವನಕ್ರಮವು ಕಳೆದ ಐವತ್ತು ವರ್ಷಗಳಲ್ಲಿ ಬಹಳವಾಗಿ ಮಾರ್ಪಟ್ಟಿದೆ. ರಾಗಿ ಹುರುಳಿಗಳ ಸೀಮೆಯಾಗಿದ್ದ ಹೊಸೂರು, 1970ರ ದಶಕದಲ್ಲಿ ಸಿಪ್ಕಾಟ್ ಕೈಗಾರಿಕಾ ಪ್ರದೇಶವು ತಲೆಯೆತ್ತಿದ ಮೇಲೆ ಯಂತ್ರಗಳ ಊರಾಯಿತು. ದೊಡ್ಡ ಕಾರ್ಖಾನೆಗಳ ನೆರಳಿನಲ್ಲಿ ಬಿಡಿಭಾಗಗಳನ್ನು ತಯಾರಿಸುವ ಸಣ್ಣ ಸಣ್ಣ ಶೆಡ್ಡುಗಳು ಹುಟ್ಟಿಕೊಂಡವು. ಬಾಗಲೂರು, ತಳಿ, ಡೆಂಕಣಿಕೋಟೆಗಳ ಕಡೆ ಹೂವು ತರಕಾರಿಗಳ ವ್ಯಾಪಾರವೂ, ಕೃಷ್ಣಗಿರಿಯ ಕಡೆ ಮಾವಿನ ವ್ಯಾಪಾರವೂ ಬೆಳೆದವು. ಇಂತಹ ಸಣ್ಣ ಉದ್ಯೋಗಗಳನ್ನು ನಡೆಸುವವರಲ್ಲಿ ನಮ್ಮ ಮಕ್ಕಳ ತಂದೆತಾಯಿಗಳೂ ಇರುವರು.

2017ರ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆಯು ಜಾರಿಗೆ ಬಂದಿತು. ನೋಂದಾಯಿಸಿಕೊಂಡ ವ್ಯಾಪಾರಿಯು ತನ್ನ ಲೆಕ್ಕವನ್ನು ಅಂತರ್ಜಾಲದ ಮೂಲಕವೇ ಒಪ್ಪಿಸಬೇಕಾಯಿತು. ಕೆಂಪು ರಟ್ಟಿನ ಖಾತೆಪುಸ್ತಕವಿದ್ದ ಜಾಗಕ್ಕೆ ಗಣಕಯಂತ್ರವು ಬಂದಿತು. ಅದರ ಹಿಂದೆಯೇ ಯಂತ್ರವನ್ನು ಕೂಡಿಸುವ, ಬಿಲ್ಲು ಬರೆಯುವ ತಂತ್ರಾಂಶವನ್ನು ಸಿದ್ಧಪಡಿಸುವ, ಅಂಗಡಿಗೊಂದು ಜಾಲತಾಣವನ್ನು ಕಟ್ಟಿಕೊಡುವ ಗುತ್ತಿಗೆದಾರನೂ ಬಂದನು. ಇವರಲ್ಲಿ ಶ್ರದ್ಧೆಯಿಂದ ದುಡಿಯುವವರು ಅನೇಕರುಂಟು. ಆದರೆ ಮಾತು ಕೊಟ್ಟು ಮರೆಯುವವರೂ, ಅರ್ಧ ಕೆಲಸ ಮಾಡಿ ಕಣ್ಮರೆಯಾಗುವವರೂ ಇಲ್ಲದಿಲ್ಲ. ಅಂತಹವರ ಕೈಗೆ ಸಿಕ್ಕಿದ ಸಣ್ಣ ಉದ್ಯೋಗಿಯ ಪಾಡೇನು, ಅದನ್ನು ತಪ್ಪಿಸಿಕೊಳ್ಳುವ ಬಗೆ ಯಾವುದು ಎಂಬುದನ್ನು ಇಲ್ಲಿ ವಿಚಾರಿಸೋಣ.

ಗುತ್ತಿಗೆ ಕೊಡುವುದು ನಮಗೆ ಹೊಸದಲ್ಲ. ಮನೆ ಕಟ್ಟಿಸುವಾಗ ಮೇಸ್ತ್ರಿಗೆ ಕೊಡುತ್ತೇವೆ. ಬಾವಿ ತೋಡಿಸುವಾಗ ಒಡ್ಡರಿಗೆ ಕೊಟ್ಟದ್ದುಂಟು. ಆದರೆ ಗೋಡೆ ಓರೆಯಾದರೆ ತೂಕದ ಗುಂಡು ಹೇಳುತ್ತದೆ. ಬಾವಿಯಲ್ಲಿ ನೀರಿಲ್ಲದಿದ್ದರೆ ಕಣ್ಣಿಗೇ ಕಾಣುತ್ತದೆ. ಗಣಕಯಂತ್ರದೊಳಗಿನ ಕೆಲಸದ ಕೊರತೆಯು ಬಲ್ಲವರಿಗಲ್ಲದೆ ಕಾಣದು. ಇನ್ನೂ ಒಂದು ದೊಡ್ಡ ವ್ಯತ್ಯಾಸವಿದೆ. ಮೇಸ್ತ್ರಿಯು ಕೆಲಸ ಬಿಟ್ಟು ಹೋದರೆ ಮನೆಯ ಬೀಗದ ಕೈ ಯಜಮಾನನ ಬಳಿಯಲ್ಲಿಯೇ ಉಳಿಯುತ್ತದೆ. ಗಣಕಯಂತ್ರದವನು ಹೋದರೆ ಎಷ್ಟೋ ವೇಳೆ ಬೀಗದ ಕೈ ಅವನ ಜೇಬಿನಲ್ಲಿಯೇ ಹೊರಟುಹೋಗುತ್ತದೆ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಎರಡು ಲೇತ್ ಯಂತ್ರಗಳನ್ನೂ ಆರು ಮಂದಿ ಕೆಲಸಗಾರರನ್ನೂ ಇಟ್ಟುಕೊಂಡು ಬಿಡಿಭಾಗಗಳನ್ನು ಮಾಡಿಕೊಡುವ ಒಬ್ಬ ಗೃಹಸ್ಥನಿದ್ದಾನೆ. ಅವನು ಬಿಲ್ಲಿನ ತಂತ್ರಾಂಶಕ್ಕಾಗಿ 40,000 ರೂಪಾಯಿಗಳನ್ನು ಒಮ್ಮೆಗೇ ಮುಂಗಡವಾಗಿ ಕೊಟ್ಟನು. ಕರಾರು ಬಾಯಿಮಾತಿನದು. ಗುತ್ತಿಗೆದಾರನು ತೆರಿಗೆಯ ಖಾತೆಗೆ ತನ್ನದೇ ದೂರವಾಣಿ ಸಂಖ್ಯೆಯನ್ನು ಕೊಟ್ಟನು. ಜಾಲತಾಣದ ಹೆಸರನ್ನು ತನ್ನ ಹೆಸರಿನಲ್ಲಿಯೇ ನೋಂದಾಯಿಸಿದನು. ಮೂರು ತಿಂಗಳ ಮೇಲೆ ಯಂತ್ರ ಕೆಟ್ಟಿತು, ದೂರವಾಣಿಗೆ ಉತ್ತರವಿಲ್ಲ. ಬಿಲ್ಲು ಹೊರಡದೆ ದೊಡ್ಡ ಕಾರ್ಖಾನೆಯಿಂದ ಹಣ ಬರಲಿಲ್ಲ. ಹಣ ಬಾರದೆ ಶನಿವಾರದ ಬಟವಾಡೆ ನಿಂತಿತು. ತಿಂಗಳು ತಿಂಗಳು ತೆರಿಗೆಯ ಲೆಕ್ಕ ಒಪ್ಪಿಸಬೇಕಾದವನು ಸತತವಾಗಿ ಆರು ತಿಂಗಳು ಒಪ್ಪಿಸದಿದ್ದರೆ ನೋಂದಣಿಯನ್ನೇ ರದ್ದುಗೊಳಿಸುವ ಅಧಿಕಾರವು ಅಧಿಕಾರಿಗಳಿಗುಂಟು. ‘ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ’ ಎಂಬ ಗಾದೆಯು ಇಲ್ಲಿ ಅಕ್ಷರಶಃ ಸತ್ಯವಾಗುತ್ತದೆ. ಆರು ಮನೆಗಳ ಒಲೆಯು ಒಂದು ಗುಪ್ತಪದವನ್ನು ನಂಬಿಕೊಂಡಿತ್ತೆಂಬುದು ಅಲ್ಲಿಯವರೆಗೆ ಯಾರಿಗೂ ತಿಳಿದಿರಲಿಲ್ಲ.

ದೊಡ್ಡವರಿಗಾದರೂ ಈ ಬಗೆಯ ತೊಂದರೆ ತಪ್ಪಿದ್ದಲ್ಲ. ಆದಾಯ ತೆರಿಗೆಯ ಹೊಸ ಗಣಕ ವ್ಯವಸ್ಥೆಗೆ ಕೇಂದ್ರ ಸಚಿವ ಸಂಪುಟವು 2019ರ ಜನವರಿಯಲ್ಲಿ ಸುಮಾರು 4,242 ಕೋಟಿ ರೂಪಾಯಿಗಳನ್ನು ಮಂಜೂರು ಮಾಡಿತು. ತೆರಿಗೆಯ ಲೆಕ್ಕವನ್ನು ಪರಿಶೀಲಿಸಲು ಹಿಡಿಯುತ್ತಿದ್ದ 63 ದಿನಗಳನ್ನು ಒಂದು ದಿನಕ್ಕೆ ಇಳಿಸುವುದು ಅದರ ಉದ್ದೇಶಗಳಲ್ಲೊಂದು. ಕೆಲಸವು ಬೆಂಗಳೂರಿನ ಇನ್ಫೋಸಿಸ್ ಸಂಸ್ಥೆಗೆ ದೊರೆಯಿತು. 2021ರ ಜೂನ್ 7ರಂದು ಹೊಸ ಜಾಲತಾಣವು ತೆರೆದಾಗ ಮೊದಲ ದಿನದಿಂದಲೇ ತೊಡಕುಗಳು ಕಾಣಿಸಿಕೊಂಡವು. ಆಗಸ್ಟ್ 23ರಂದು ಹಣಕಾಸು ಸಚಿವೆ ಶ್ರೀಮತಿ ನಿರ್ಮಲಾ ಸೀತಾರಾಮನ್ ಅವರು ಸಂಸ್ಥೆಯ ಮುಖ್ಯಸ್ಥರನ್ನು ಕರೆಯಿಸಿ ವಿವರಣೆ ಕೇಳಿ, ಸೆಪ್ಟೆಂಬರ್ 15ರೊಳಗೆ ಸರಿಪಡಿಸಬೇಕೆಂದು ಗಡುವನ್ನು ಕೊಟ್ಟರು. ಸೆಪ್ಟೆಂಬರ್ 30ಕ್ಕೆ ನಿಗದಿಯಾಗಿದ್ದ ಕಡೆಯ ದಿನವನ್ನು ಸರ್ಕಾರವು ಡಿಸೆಂಬರ್ 31ಕ್ಕೆ ಮುಂದೂಡಬೇಕಾಯಿತು.

ಇದರಿಂದ ಎರಡು ವಿಷಯಗಳು ಸ್ಪಷ್ಟವಾಗುತ್ತವೆ. ಈ ಕೆಲಸವು ಸ್ವಭಾವತಃ ಕಠಿನವಾದುದು. ವಿಳಂಬವಾದ ಮಾತ್ರಕ್ಕೆ ಗುತ್ತಿಗೆದಾರನನ್ನು ವಂಚಕನೆನ್ನಲಾಗದು. ಕರೆದಾಗ ಬಂದು, ಕೊರತೆಯನ್ನು ಒಪ್ಪಿ, ತಿದ್ದಿಕೊಡುವವನು ಭರವಸೆಗೆ ಯೋಗ್ಯನೇ ಸರಿ. ಎರಡನೆಯದಾಗಿ, ಸರ್ಕಾರಕ್ಕೆ ಗುತ್ತಿಗೆದಾರನನ್ನು ಕರೆಯಿಸುವ ಶಕ್ತಿಯೂ, ದಿನಾಂಕವನ್ನೇ ಮುಂದೂಡುವ ಅಧಿಕಾರವೂ ಇದ್ದವು. ನಮ್ಮ ಲೇತ್ ಯಂತ್ರದ ಗೃಹಸ್ಥನಿಗೆ ಇವೆರಡೂ ಇಲ್ಲ. ಆದುದರಿಂದ ಅವನು ಮೊದಲೇ ಎಚ್ಚರ ವಹಿಸತಕ್ಕದ್ದು. ಆ ಎಚ್ಚರಿಕೆಗಳು ಐದು.

ಮೊದಲನೆಯದು ವಿಚಾರಣೆ. ಗುತ್ತಿಗೆದಾರನು ತೋರಿಸುವ ಅಂದವಾದ ಚಿತ್ರಗಳನ್ನು ನೋಡಿ ಮರುಳಾಗಬಾರದು. ಒಂದು ವರ್ಷದ ಹಿಂದೆ ಅವನಿಂದ ಕೆಲಸ ಮಾಡಿಸಿಕೊಂಡ ಇಬ್ಬರನ್ನು ಕಂಡು, ಯಂತ್ರ ಕೆಟ್ಟಾಗ ಅವನು ಬಂದನೇ ಎಂದು ಕೇಳಬೇಕು. ಹೊಸ ಕೆಲಸವನ್ನು ಹೊಗಳುವವರು ಎಲ್ಲರೂ. ಹಳೆಯ ಕೆಲಸವೇ ಸಾಕ್ಷಿ.

ಎರಡನೆಯದು ಬರಹ. ಬಾಯಿಮಾತಿನ ಕರಾರಿಗೂ 1872ರ ಭಾರತೀಯ ಕರಾರು ಕಾಯಿದೆಯಲ್ಲಿ ಬೆಲೆಯುಂಟು. ಆದರೆ ಅದನ್ನು ಸ್ಥಾಪಿಸುವುದು ಕಷ್ಟ. ಯಾವ ಕೆಲಸ, ಯಾವ ದಿನಾಂಕದೊಳಗೆ, ಎಷ್ಟು ಹಣಕ್ಕೆ, ಕೆಟ್ಟರೆ ಎಷ್ಟು ದಿನದಲ್ಲಿ ದುರಸ್ತಿ ಎಂಬುದನ್ನು ಒಂದೇ ಹಾಳೆಯಲ್ಲಾದರೂ ಬರೆದು ಇಬ್ಬರೂ ರುಜು ಹಾಕಬೇಕು. ಬಹುಮಂದಿ ಅರಿಯದ ಇನ್ನೊಂದು ಅಂಶವುಂಟು. ಸಂಬಳದ ನೌಕರನು ಕೆಲಸದ ಅಂಗವಾಗಿ ಬರೆದ ತಂತ್ರಾಂಶವು, ಬೇರೆ ಒಪ್ಪಂದವಿಲ್ಲದಿದ್ದರೆ, ಯಜಮಾನನಿಗೆ ಸೇರುತ್ತದೆ. ಹೊರಗಿನ ಗುತ್ತಿಗೆದಾರನು ಬರೆದುದಾದರೋ, ನಾವು ಹಣ ಕೊಟ್ಟಿದ್ದರೂ, 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಸಾಮಾನ್ಯವಾಗಿ ಅವನದಾಗಿಯೇ ಉಳಿಯುತ್ತದೆ. ಅದು ನಮ್ಮದಾಗಬೇಕಾದರೆ ಅವನು ಬರಹದ ಮೂಲಕ ಹಕ್ಕನ್ನು ವಹಿಸಿಕೊಡಬೇಕು. ಅವಧಿಯನ್ನು ಕಾಣಿಸದಿದ್ದರೆ ಆ ಹಕ್ಕು ಐದು ವರ್ಷಗಳಿಗೆ ಮಾತ್ರವೆಂದು ಕಾಯಿದೆಯು ಭಾವಿಸುತ್ತದೆ. ಆದುದರಿಂದ ಅವಧಿಯನ್ನೂ ಬರೆಯಿಸತಕ್ಕದ್ದು.

ಮೂರನೆಯದು ಹಣ. ತಳಪಾಯ, ಗೋಡೆ, ತಾರಸಿ ಎಂದು ಮನೆಗೆ ಹಂತಹಂತವಾಗಿ ಹಣ ಕೊಡುವಂತೆಯೇ ಇಲ್ಲಿಯೂ ಕೊಡಬೇಕು. ಮುಂಗಡವು ಕೆಲಸ ತೊಡಗಲು ಸಾಕಾಗುವಷ್ಟಿರಲಿ. ಒಂದು ಪಾಲು, ತಂತ್ರಾಂಶವು ಒಂದು ತಿಂಗಳು ನಿರ್ವಿಘ್ನವಾಗಿ ನಡೆದ ಮೇಲೆ ಸಲ್ಲಲಿ. ಕೊಟ್ಟ ಹಣಕ್ಕೆಲ್ಲ ರಸೀದಿ ಇರಬೇಕು.

ನಾಲ್ಕನೆಯದು ಬೀಗದ ಕೈ. ಗುಪ್ತಪದಗಳು, ಅಂಚೆ ವಿಳಾಸದಂತಿರುವ ಇ-ಮೇಲ್ ಖಾತೆ, ಜಾಲತಾಣದ ಹೆಸರು, ತೆರಿಗೆಯ ಖಾತೆಗೆ ಸೇರಿಸಿದ ದೂರವಾಣಿ ಸಂಖ್ಯೆ, ಇವೆಲ್ಲವೂ ಯಜಮಾನನ ಹೆಸರಿನಲ್ಲಿಯೇ ಇರಬೇಕು. ಗುತ್ತಿಗೆದಾರನಿಗೆ ಬೇರೆ ಪ್ರವೇಶವನ್ನು ಕೊಟ್ಟು, ಕೆಲಸ ಮುಗಿದ ದಿನ ಹಿಂದೆಗೆದುಕೊಳ್ಳಬಹುದು. ಬ್ಯಾಂಕಿನ ಗುಪ್ತಪದವನ್ನಂತೂ ಯಾರಿಗೂ ಹೇಳಕೂಡದು.

ಐದನೆಯದು ಪ್ರತಿ. ತೆರಿಗೆಯ ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ವಿವರಣೆಯ ಕಡೆಯ ದಿನದಿಂದ 72 ತಿಂಗಳು, ಎಂದರೆ ಆರು ವರ್ಷ, ಕಾಪಾಡಬೇಕೆಂಬುದು ಕಾನೂನು. ಆದುದರಿಂದ ವಾರಕ್ಕೊಮ್ಮೆ ಲೆಕ್ಕದ ಪ್ರತಿಯನ್ನು ತೆಗೆದು ಅಂಗಡಿಯ ಹೊರಗೆ, ಮನೆಯಲ್ಲಿ ಇಡಬೇಕು. ಆ ಪ್ರತಿಯು ತೆರೆಯುತ್ತದೆಯೇ ಎಂದು ಆಗಾಗ್ಗೆ ಪರೀಕ್ಷಿಸಬೇಕು. ಹೆಸರುಗಳನ್ನು ಕನ್ನಡದಲ್ಲಿ ಬರೆಯುವವರು ಯೂನಿಕೋಡ್ ಅಕ್ಷರಗಳಲ್ಲಿಯೇ ಬರೆಯಿಸುವುದು ಒಳ್ಳೆಯದು. ಹಳೆಯ ಬಗೆಯ ಅಕ್ಷರಗಳಲ್ಲಿದ್ದರೆ ಬೇರೆ ಯಂತ್ರದಲ್ಲಿ ಅವು ಅರ್ಥವಿಲ್ಲದ ಗುರುತುಗಳಾಗಿ ಕಾಣುವ ಸಂಭವವಿದೆ.

ಇಷ್ಟಾದರೂ ಮೋಸಹೋದರೆ ದಾರಿಯಿಲ್ಲವೆ? ಉಂಟು. ಮೊದಲು ಲಿಖಿತ ನೋಟೀಸು ಕೊಡಬೇಕು. ಕರಾರು ಮುರಿದುದರಿಂದ ಆದ ನಷ್ಟಕ್ಕೆ ಪರಿಹಾರವನ್ನು ಕರಾರು ಕಾಯಿದೆಯ 73ನೆಯ ಕಲಮು ಕೊಡಿಸುತ್ತದೆ. ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷಗಳ ಅವಧಿಯಿದೆ. ಸ್ವಂತ ದುಡಿಮೆಯಿಂದ ಜೀವನ ಸಾಗಿಸುವುದಕ್ಕಾಗಿಯೇ ಉದ್ಯೋಗ ನಡೆಸುವವನು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಆಶ್ರಯವನ್ನೂ ಕೋರಬಹುದು. 1915 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಸಲಹೆ ದೊರೆಯುತ್ತದೆ. ಯಜಮಾನನ ಅನುಮತಿಯಿಲ್ಲದೆ ಲೆಕ್ಕವನ್ನು ಅಳಿಸಿದರೆ ಅಥವಾ ಅವನಿಗೇ ಪ್ರವೇಶವನ್ನು ತಡೆದರೆ, 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 43ನೆಯ ಕಲಮಿನಂತೆ ಪರಿಹಾರ ಕೊಡಬೇಕಾಗುತ್ತದೆ. ದುರುದ್ದೇಶದಿಂದ ಮಾಡಿದ್ದರೆ 66ನೆಯ ಕಲಮಿನಂತೆ ಮೂರು ವರ್ಷಗಳವರೆಗೆ ಸೆರೆಮನೆಯೂ ಒದಗಬಹುದು. ಇವೆಲ್ಲಕ್ಕೂ ಆಧಾರವಾಗುವುದು ಮೇಲೆ ಹೇಳಿದ ಹಾಳೆ ಮತ್ತು ರಸೀದಿಗಳೇ ಎಂಬುದನ್ನು ಮರೆಯಬಾರದು.

ಈಗ ವಿದ್ಯಾರ್ಥಿಗಳಿಗೆ ಎರಡು ಮಾತು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತಮಿಳು ತೆಲುಗು, ಕರಾರಿನ ಕಾಗದದಲ್ಲಿ ಇಂಗ್ಲಿಷು, ಇದು ನಮ್ಮ ಸೀಮೆಯ ಸ್ಥಿತಿ. ತಿಳಿಯದ ಭಾಷೆಯ ಕಾಗದಕ್ಕೆ ರುಜು ಹಾಕುವ ಹಿರಿಯರು ಸಂಕೋಚದಿಂದ ಕೇಳದೆ ಇರಬಹುದು. ನೀವು ಕಲಿತ ವಿದ್ಯೆಯನ್ನು ಅಲ್ಲಿ ಉಪಯೋಗಿಸಿ, ಒಂದೊಂದು ಸಾಲನ್ನೂ ಓದಿ ಕನ್ನಡದಲ್ಲಿ ತಿಳಿಯಹೇಳಿ. ಅರ್ಥವಾಗದ ಸಾಲಿದ್ದರೆ ಬಲ್ಲವರನ್ನು ಕೇಳುವವರೆಗೆ ರುಜು ನಿಲ್ಲಲಿ.

ನಿಮ್ಮಲ್ಲಿ ಕೆಲವರು ಮುಂದೆ ಇದೇ ವೃತ್ತಿಯನ್ನು ಹಿಡಿಯುವಿರಿ. ಆಗ ಆಗದ ಕೆಲಸವನ್ನು ಆಗದೆಂದು ಮೊದಲೇ ಹೇಳಿರಿ; ಹೇಳಿದ ದಿನ ಹೋಗಿರಿ; ತಡವಾದರೆ ಅವರು ಕೇಳುವ ಮುನ್ನವೇ ತಿಳಿಸಿರಿ; ಕೆಲಸ ಮುಗಿದೊಡನೆ ಬೀಗದ ಕೈಯನ್ನು ಯಜಮಾನನ ಅಂಗೈಯಲ್ಲಿಟ್ಟು ಬನ್ನಿರಿ. ಹಾಗೆ ಮಾಡಿದವನಿಗೆ ಬೀದಿಯಲ್ಲಿ ಫಲಕ ಹಾಕುವ ಅಗತ್ಯವಿಲ್ಲ. ಒಂದು ಅಂಗಡಿಯವರು ಮುಂದಿನ ಅಂಗಡಿಗೆ ಅವನ ಹೆಸರನ್ನು ತಾವೇ ಹೇಳುವರು.